ನಕ್ಷೆಯಲ್ಲಿ ಬಿಟ್ಟುಹೋದ ಒಂದು ಸಾಲು

ರೈಲು ಬೋಗಿ ಕಟ್ಟುವ ಕಾರ್ಖಾನೆಯಲ್ಲಿ ನಾನು ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿದೆ. ಒಂದು ದಿನವೂ ಸುತ್ತಿಗೆ ಹಿಡಿಯಲಿಲ್ಲ. ನನ್ನ ಕೆಲಸ ಗೆರೆ ಎಳೆಯುವುದು. ಚಾಮರಾಜಪೇಟೆಯ ನಮ್ಮ ಮನೆಗೆ ಹೊಸದಾಗಿ ಬಂದ ನೆಂಟರು "ಎಲ್ಲಿ ಕೆಲಸ?" ಎಂದು ಕೇಳಿದಾಗ "ಬೋಗಿ ಫ್ಯಾಕ್ಟರಿಯಲ್ಲಿ" ಎಂದರೆ ನನ್ನ ಕೈಗಳನ್ನೇ ನೋಡುತ್ತಿದ್ದರು. ಅಲ್ಲಿ ಮಸಿ ಕಾಣುತ್ತಿತ್ತು ನಿಜ, ಆದರೆ ಅದು ಎಣ್ಣೆಯ ಮಸಿಯಲ್ಲ, ನಕ್ಷೆ ಬರೆಯುವ ಇಂಡಿಯನ್ ಇಂಕು.

ಈಗ ಇಂಥ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ನಾವು ಹೇಗೆ ಮಾಡುತ್ತಿದ್ದೆವು ಎಂಬುದು ಅವರಿಗೆ ಬೇಕಾಗಲಾರದು. ಆದರೆ ನಕ್ಷೆ ಬರೆಯುವವರು ಮಾಡುವ ತಪ್ಪು ಹೇಗಿರುತ್ತದೆ, ಅದು ಯಾರ ಮೇಲೆ ಹೋಗಿ ಬೀಳುತ್ತದೆ ಎಂಬುದು ಬದಲಾಗಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮದು ಓಕಳಿಪುರದ ಹತ್ತಿರ, ರೈಲು ಹಳಿಗೆ ಬೆನ್ನು ಕೊಟ್ಟು ನಿಂತಿದ್ದ ಖಾಸಗಿ ಕಾರ್ಖಾನೆ. ಅದನ್ನು ಶುರುಮಾಡಿದ ಹಿರಿಯರು ಮೊದಲು ಜಟಕಾ ಗಾಡಿ ಕಟ್ಟುತ್ತಿದ್ದರಂತೆ. ಆಮೇಲೆ ಬಸ್ಸಿನ ಮೈ, ಆಮೇಲೆ ರೈಲಿನ ಮರದ ಬೋಗಿ, ಕಲ್ಕತ್ತೆಯ ಟ್ರಾಮಿಗೂ ಒಂದಷ್ಟು ಕಾಲ ತೇಗದ ಮೈ ಕಟ್ಟಿಕೊಟ್ಟರಂತೆ. ನಾನು ಸೇರುವಷ್ಟರಲ್ಲಿ ಮರ ಹೋಗಿ ಉಕ್ಕು ಬಂದಿತ್ತು. ಆದರೂ ಒಂದು ಶೆಡ್ಡಿಗೆ ಮಾತ್ರ ಕೊನೆಯವರೆಗೂ ಬಡಗಿ ಶೆಡ್ಡು ಎಂದೇ ಹೆಸರು. ಅಲ್ಲಿ ಒಬ್ಬ ಬಡಗಿಯೂ ಇರಲಿಲ್ಲ, ವೆಲ್ಡಿಂಗ್ ನಡೆಯುತ್ತಿತ್ತು.

ಇನ್ನೊಂದು ಮಾತು. ಪ್ರಯಾಣಿಕರು ಇಡೀ ಡಬ್ಬಿಯನ್ನು ಬೋಗಿ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಬೋಗಿ ಎಂದರೆ ಕೆಳಗಿನ ಚಕ್ರದ ಗಾಡಿ ಮಾತ್ರ. ಮೇಲಿನದು ಕೋಚು. ಸೇರಿದ ಹೊಸತರಲ್ಲಿ ನಾನು ಇಡೀ ಕೋಚನ್ನು ಬೋಗಿ ಎಂದು ಹೇಳಿ, ಶಾಪಿನವರೆಲ್ಲ, ಅಂದರೆ ಶೆಡ್ಡುಗಳಲ್ಲಿ ಬೋಗಿ ಕಟ್ಟುವ ಕೆಲಸಗಾರರೆಲ್ಲ, ನಕ್ಕಿದ್ದರು. ಈಗ ನಿವೃತ್ತಳಾಗಿ ಇಷ್ಟು ದಿನ ಆದ ಮೇಲೆ ನಾನೂ ಮತ್ತೆ ಬೋಗಿ ಎನ್ನತೊಡಗಿದ್ದೇನೆ. ಇಲ್ಲಿಯೂ ಹಾಗೇ ಬರೆದಿದ್ದೇನೆ.

ನಾನು ಟ್ರೇಸರ್. ಎಂಜಿನಿಯರು ಪೆನ್ಸಿಲಿನಲ್ಲಿ ನಕ್ಷೆ ಬರೆದು ಕೊಡುತ್ತಿದ್ದರು. ಅದರ ಮೇಲೆ ತಿಳಿನೀಲಿ ಬಣ್ಣದ, ಮೇಣ ಸವರಿದಂತೆ ನುಣುಪಾದ ಟ್ರೇಸಿಂಗ್ ಬಟ್ಟೆ ಹಾಸಿ, ಕಾಣುವ ಗೆರೆಯನ್ನೆಲ್ಲ ಇಂಕಿನಲ್ಲಿ ಎತ್ತಿಕೊಳ್ಳಬೇಕು. ಆ ಬಟ್ಟೆಯಿಂದ ಅಮೋನಿಯಾ ಮೆಷಿನ್ನಿನಲ್ಲಿ ಎಷ್ಟು ಬೇಕಾದರೂ ಪ್ರಿಂಟ್ ತೆಗೆದು ಶಾಪಿಗೆ ಕಳಿಸಬಹುದು. ಪೆನ್ಸಿಲ್ ನಕ್ಷೆಗೆ ಅಷ್ಟಕ್ಕೆ ಆಯುಸ್ಸು ಮುಗಿಯಿತು, ಹರಿದು ಹಾಕುತ್ತಿದ್ದರು. ಬಟ್ಟೆಯೇ ಮೂಲ.

ಒಂದು ಹನಿ ಬೆವರು ಬಿದ್ದರೆ ಆ ಬಟ್ಟೆ ಬೆಳ್ಳಗಾಗಿ ಕೆಟ್ಟುಹೋಗುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಮೊಣಕೈ ಕೆಳಗೆ ಕರವಸ್ತ್ರ ಹಾಸಿಕೊಂಡು ಬರೆಯುತ್ತಿದ್ದೆವು. ಆ ಕರವಸ್ತ್ರವೂ ಹಳೆಯ ಟ್ರೇಸಿಂಗ್ ಬಟ್ಟೆಯೇ. ರದ್ದಾದ ನಕ್ಷೆಯನ್ನು ಬಿಸಿನೀರಿನಲ್ಲಿ ನೆನೆಸಿ ತೊಳೆದರೆ ಗಂಜಿಯೆಲ್ಲ ಬಿಟ್ಟು ಬೆಣ್ಣೆಯಂಥ ಬಿಳಿ ಬಟ್ಟೆ ಉಳಿಯುತ್ತಿತ್ತು. ನನ್ನ ಮಗಳು ಹುಟ್ಟಿದಾಗ ತೊಡಿಸಿದ ಜುಬ್ಬಾಗಳು ಯಾವುದೋ ಎರಡನೇ ದರ್ಜೆ ಬೋಗಿಯ ಶೌಚಾಲಯದ ನಕ್ಷೆಗಳು.

ನನಗೆ ಕೆಲಸ ಕಲಿಸಿದವರು ಚೀಫ್ ಡ್ರಾಫ್ಟ್ಸ್‌ಮನ್ ಕೃಷ್ಣಮೂರ್ತಿಯವರು. ಮಲ್ಲೇಶ್ವರದಿಂದ ಬರುತ್ತಿದ್ದರು. ಬಿಳಿ ಷರಟು, ಹಣೆಯಲ್ಲಿ ಅಕ್ಷತೆ. ಅವರ ಅಕ್ಷರ ಅಚ್ಚಿನಲ್ಲಿ ಹೊಯ್ದಂತೆ ಇರುತ್ತಿತ್ತು. ನಾವೆಲ್ಲ ಸ್ಟೆನ್ಸಿಲ್ ಹಿಡಿದು ಬರೆಯುವುದನ್ನು ಅವರು ಬರಿಗೈಯಲ್ಲಿ ಬರೆಯುತ್ತಿದ್ದರು. ಪಕ್ಕದಲ್ಲಿಟ್ಟರೆ ಅವರದೇ ಚೆನ್ನಾಗಿ ಕಾಣುತ್ತಿತ್ತು. ಮೊದಲ ಆರು ತಿಂಗಳು ನನ್ನಿಂದ ಬರೀ ಅಂಕಿ ಬರೆಸಿದರು. "ಗೆರೆ ವಕ್ರ ಆದ್ರೆ ಶಾಪಿನೋರು ಸರಿ ಮಾಡ್ಕೊಳ್ತಾರೆ ಕಣಮ್ಮ. ಮೂರು ಎಂಟಾಗಿ ಕಂಡ್ರೆ ಯಾರೂ ಸರಿ ಮಾಡ್ಕೊಳ್ಳಲ್ಲ" ಎನ್ನುತ್ತಿದ್ದರು. ತಪ್ಪಾದ ಗೆರೆಯನ್ನು ಬ್ಲೇಡಿನಿಂದ ಕೆರೆದು, ಸೀಮೆಸುಣ್ಣದ ಪುಡಿ ಸವರಿ, ಅಲ್ಲಿ ಏನೂ ನಡೆದೇ ಇಲ್ಲ ಎಂಬಂತೆ ಮತ್ತೆ ಬರೆಯುವುದನ್ನೂ ಅವರೇ ಕಲಿಸಿದರು.

ಈಗ ನನ್ನ ತಪ್ಪಿನ ಕಥೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಹತ್ತು ಬೋಗಿಗಳ ಒಂದು ಆರ್ಡರ್ ಬಂದಿತ್ತು. ಬೋಗಿಗೆ ನಾಲ್ಕು ಬಾಗಿಲು, ಪ್ರತಿ ಬಾಗಿಲಿಗೂ ಎರಡು ಪಕ್ಕ ಎರಡು ಉಕ್ಕಿನ ಕಂಬ, ಶಾಪಿನವರ ಬಾಯಲ್ಲಿ ಪಿಲ್ಲರ್. ಈ ಎರಡೂ ನೋಡಲು ಒಂದೇ ಥರ, ಆದರೆ ಒಂದೇ ಅಲ್ಲ. ಎಡಗಾಲಿನ ಚಪ್ಪಲಿ ಬಲಗಾಲಿನ ಚಪ್ಪಲಿ ಇದ್ದ ಹಾಗೆ, ಒಂದರ ಮಡಿಕೆ ಈ ಕಡೆಗೆ, ಇನ್ನೊಂದರದು ಆ ಕಡೆಗೆ. ಎರಡನ್ನೂ ಬೇರೆ ಬೇರೆ ಬರೆಯುವ ಪದ್ಧತಿ ಇಲ್ಲ. ಒಂದನ್ನು ಬರೆದು, ಕೆಳಗೆ ಒಂದು ಸಾಲು ಹಾಕುತ್ತೇವೆ: ಅರ್ಧ ತೋರಿಸಿದಂತೆ, ಅರ್ಧ ಆಪೋಸಿಟ್ ಹ್ಯಾಂಡ್. ಅಂದರೆ ಎದುರುಗೈ.

ಎಂಜಿನಿಯರ ಪೆನ್ಸಿಲ್ ನಕ್ಷೆಯಲ್ಲಿ ಆ ಸಾಲು ಇತ್ತು. ನಾನು ಬಟ್ಟೆಯ ಮೇಲೆ ಅದನ್ನು ಎತ್ತಿಕೊಳ್ಳಲಿಲ್ಲ. ಯಾಕೆ ಎಂದರೆ ಹೇಳಲು ದೊಡ್ಡ ಕಾರಣವೇನೂ ಇಲ್ಲ. ಮನೆಯಲ್ಲಿ ಕಷ್ಟವಿರಲಿಲ್ಲ, ಜ್ವರ ಬಂದಿರಲಿಲ್ಲ. ಊಟದ ಗಂಟೆ ಹೊಡೆಯಿತು, ಎದ್ದು ಹೋದೆ. ಬಂದು ಕೂತು ಬೇರೆ ಮೂಲೆಯಿಂದ ಶುರುಮಾಡಿದೆ. ಅಷ್ಟೇ. ನಕ್ಷೆ ಕೃಷ್ಣಮೂರ್ತಿಯವರ ಮೇಜಿಗೆ ಹೋಯಿತು. ಅವರು ತಾಳೆ ನೋಡಿ ಸಹಿ ಹಾಕಿದರು. ಅವರಿಗೂ ಕಾಣಲಿಲ್ಲ. ಪೆನ್ಸಿಲ್ ನಕ್ಷೆ ಹರಿದು ಕಸದ ಬುಟ್ಟಿಗೆ ಹೋಯಿತು.

ಮೂರು ವಾರದ ನಂತರ ಬಡಗಿ ಶೆಡ್ಡಿನಿಂದ ಸುದ್ದಿ ಬಂತು. ಮೊದಲ ಬೋಗಿಯ ಬಾಗಿಲು ಕೂರಿಸಲು ಹೋದರೆ ಒಂದು ಪಕ್ಕದ ಪಿಲ್ಲರ್ ಕೂರುತ್ತಿಲ್ಲ. ತಿರುಗಿಸಿದರೂ ಇಲ್ಲ, ತಲೆಕೆಳಗು ಮಾಡಿದರೂ ಇಲ್ಲ. ಲೆಕ್ಕ ಹಾಕಿದರೆ ಎಂಬತ್ತು ಪಿಲ್ಲರುಗಳೂ ಒಂದೇ ಕೈಗೆ ಮಡಿಸಿ, ತೂತು ಹೊಡೆದು, ಬಣ್ಣದ ಮೊದಲ ಕೋಟೂ ಹೊಡೆದು ಸಾಲಾಗಿ ಜೋಡಿಸಿಟ್ಟಿದ್ದರು.

ನಾನು ಶಾಪಿಗೆ ಇಳಿಯುವ ಮೊದಲೇ ನನಗೆ ಗೊತ್ತಾಯಿತು. ಆ ಸಾಲಿದ್ದ ಮೂಲೆ ಕಣ್ಣ ಮುಂದೆ ಬಂತು.

ಕೃಷ್ಣಮೂರ್ತಿಯವರು ನನ್ನ ಬೋರ್ಡಿನ ಹತ್ತಿರ ಬಂದು ನಿಂತರು. ಊಟದ ಹೊತ್ತು, ಡ್ರಾಯಿಂಗ್ ಹಾಲಿನಲ್ಲಿ ನಾವಿಬ್ಬರೇ. ಅವರ ಕೈಯಲ್ಲಿ ಆ ನಕ್ಷೆಯ ಬಟ್ಟೆ ಇತ್ತು.

"ಶಾರದಾ, ಒಂದು ಸಾಲು ಬಿಟ್ಟುಹೋಗಿದೆ ನೋಡಮ್ಮ. ಹಾಕ್ಬಿಡು."

"ಸಾರ್, ತಿದ್ದುಪಡಿ ಕಾಲಮ್ಮಿನಲ್ಲಿ ಇವತ್ತಿನ ತಾರೀಖು ಹಾಕ್ಲಾ?"

ಅವರು ಕಿಟಕಿಯ ಕಡೆ ನೋಡಿದರು. "ತಾರೀಖು ಏನೂ ಬೇಡ. ಮೊದಲಿಂದ ಇದ್ದ ಹಾಗೆ ಹಾಕು. ಶಾಪಿನ ಪ್ರಿಂಟುಗಳನ್ನ ವಾಪಸ್ ತರಿಸ್ಕೊಂಡು ಹೊಸದು ಕೊಡೋಣ."

ಅವರು ಯಾವತ್ತೂ ಯಾರ ಅನ್ನಕ್ಕೂ ಕಲ್ಲು ಹಾಕಿದವರಲ್ಲ. ಅವತ್ತು ಮಾತ್ರ ಹೆದರಿದ್ದರು. ನಾನೂ ಹೆದರಿದ್ದೆ. ಪೆನ್ನಿಗೆ ಇಂಕು ತುಂಬಿದೆ. ಸ್ಟೆನ್ಸಿಲ್ ಇಟ್ಟು ಆ ಸಾಲು ಬರೆದೆ. ಇಷ್ಟು ವರ್ಷ ಬರೆದ ಅಕ್ಷರಗಳಲ್ಲಿ ಅಷ್ಟು ಚೆನ್ನಾಗಿ ಯಾವುದನ್ನೂ ಬರೆದಿರಲಿಲ್ಲ.

ಆ ಶೆಡ್ಡಿನ ಫೋರ್‌ಮನ್ ಮುನಿವೆಂಕಟಪ್ಪ. ದೇವನಹಳ್ಳಿ ಕಡೆಯವರು. ಹದಿನೇಳನೇ ವಯಸ್ಸಿಗೆ ಕಾರ್ಖಾನೆಗೆ ಬಂದು, ಸಹಾಯಕನಾಗಿ ಶುರುಮಾಡಿ ಅಲ್ಲಿಯವರೆಗೆ ಬಂದವರು. ವರ್ಕ್ಸ್ ಮ್ಯಾನೇಜರು ಅವರನ್ನು ಕರೆಸಿ, ನಕ್ಷೆಯಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ನೋಡಲಿಲ್ಲವೇ ಎಂದು ಹೊಸ ಪ್ರಿಂಟನ್ನು ಮುಂದೆ ಹಿಡಿದರಂತೆ. ಮುನಿವೆಂಕಟಪ್ಪ ಅದರ ಕೆಳಗಿನ ಮೂಲೆಯನ್ನೇ ನೋಡಿದರಂತೆ. ಗುರುವಾರ ವಿಚಾರಣೆ ಎಂದು ಗೊತ್ತಾಯಿತು. ಫೋರ್‌ಮನ್ ಕೆಲಸದಿಂದ ಇಳಿಸುತ್ತಾರೆ ಎಂದು ಒಬ್ಬರು, ಮನೆಗೇ ಕಳಿಸುತ್ತಾರೆ ಎಂದು ಇನ್ನೊಬ್ಬರು.

ಮಂಗಳವಾರ ಮಧ್ಯಾಹ್ನ ಅವರು ನಮ್ಮ ಹಾಲಿಗೆ ಬಂದರು. ಬಾಗಿಲ ಹೊರಗೆ ಬೂಟು ಬಿಚ್ಚಿಟ್ಟು ಬಂದರು. ಅಲ್ಲಿ ಬೂಟು ಬಿಚ್ಚುವ ಪದ್ಧತಿ ಇರಲಿಲ್ಲ. ಷರಟಿನ ಒಳಗಿನಿಂದ ನಾಲ್ಕಾಗಿ ಮಡಿಸಿದ ಪ್ರಿಂಟೊಂದನ್ನು ತೆಗೆದು ನನ್ನ ಬೋರ್ಡಿನ ಮೇಲೆ ಹರಡಿದರು. ಎಣ್ಣೆ ಕಲೆ, ಪೆನ್ಸಿಲಿನ ಗುರುತು. ಕೆಳಗಿನ ಮೂಲೆ ಖಾಲಿ.

"ಶಾರದಮ್ಮನೋರೆ, ಇದು ನನ್ನ ಬೀರೂನಲ್ಲಿತ್ತು. ವಾಪಸ್ ಇಸ್ಕೊಂಡು ಹೋಗೋಕೆ ಬಂದಾಗ ಇದು ಅವರ ಕೈಗೆ ಸಿಗ್ಲಿಲ್ಲ."

ನಾನು ಆ ಖಾಲಿ ಮೂಲೆಯ ಮೇಲೆ ಬೆರಳಿಟ್ಟೆ.

"ಗುರುವಾರ ಇದನ್ನ ಅಲ್ಲಿ ಇಟ್ರೆ ನಾನು ಬಚಾವಾಗ್ತೀನಿ. ಆದ್ರೆ ಇಲ್ಲಿ ನೋಡಿ, ಟ್ರೇಸ್ ಮಾಡಿದೋರು ಅನ್ನೋ ಜಾಗದಲ್ಲಿ ನಿಮ್ಮ ಹೆಸರಿದೆ. ಹೆಣ್ಣುಮಗಳ ಹೆಸರನ್ನ ಹಿಂದಿನಿಂದ ಎಳೀಬಾರ್ದು ಅಂತ ಮೊದಲು ನಿಮಗೆ ತೋರಿಸೋಣ ಅಂತ ಬಂದೆ. ನಂದೂ ತಪ್ಪಿದೆ. ಎಂಬತ್ತೂ ಒಂದೇ ಕೈಗೆ ಹೋಗ್ತಿದಾವೆ ಅಂತ ನನಗೆ ಹೊಳೀಬೇಕಿತ್ತು. ನಾನು ಆ ಎರಡು ವಾರ ಇನ್ನೊಂದು ಶೆಡ್ಡಿನಲ್ಲಿದ್ದೆ."

ಪ್ರಿಂಟನ್ನು ಮಡಿಸಿ ಮತ್ತೆ ಷರಟಿನೊಳಗೆ ಇಟ್ಟುಕೊಂಡು ಹೋದರು. ಬೈದಿದ್ದರೆ ನಾನು ಬಹುಶಃ ತಪ್ಪಿಸಿಕೊಳ್ಳುವ ದಾರಿ ನೋಡುತ್ತಿದ್ದೆ.

ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಬಳೇಪೇಟೆಯೊಳಗೆ ನಡೆದೆ. ಕೈಗಾಡಿಗಳ ನಡುವೆ ಎರಡು ಸಲ ದಾರಿ ತಪ್ಪಿದೆ, ಹುಟ್ಟಿದಾಗಿನಿಂದ ಓಡಾಡಿದ ಬೀದಿಯಲ್ಲಿ. ಮನೆಗೆ ಬಂದಾಗ ನಮ್ಮ ಯಜಮಾನರು ಜಗುಲಿಯ ಮೇಲೆ ಕೂತು ಶಾಲೆಯ ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ಅವರು ಬಸವನಗುಡಿಯ ಒಂದು ಶಾಲೆಯಲ್ಲಿ ಮೇಷ್ಟ್ರು.

"ರೀ, ಮಕ್ಕಳು ತಪ್ಪು ಬರೆದು, ನೀವು ನೋಡಿದ್ಮೇಲೆ ಅದನ್ನ ತಿದ್ದಿಟ್ಕೊಂಡು ಸರಿ ಇತ್ತು ಅಂತ ತಂದ್ರೆ ನಿಮಗೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ಹೋಗ್ಲಿ ಅಂತ ಸುಮ್ನಿರ್ತೀನಿ. ಯಾಕೆ?"

ಎಲ್ಲ ಹೇಳಿದೆ. ಅವರು ಕೆಂಪು ಪೆನ್ನಿನ ಕ್ಯಾಪು ಹಾಕಿದರು. ಅವರಿಗೂ ಭಯವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಒಬ್ಬರ ಸಂಬಳದಲ್ಲಿ ನಡೆಯುವ ಸಂಸಾರವಲ್ಲ ನಮ್ಮದು.

"ಕೆಲಸ ಹೋದ್ರೆ ಹೇಗೋ ಆಗುತ್ತೆ ಅಂತ ಧೈರ್ಯವಾಗಿ ಹೇಳೋ ಹಾಗಿಲ್ಲ ನಾನು" ಎಂದರು. "ಆದ್ರೆ ಆ ಮನುಷ್ಯ ನಾಡಿದ್ದಿನಿಂದ ಗೇಟಿನ ಹೊರಗಿದ್ರೆ, ನೀನು ಆ ಗೇಟಿನೊಳಗೆ ಹೇಗೆ ಹೋಗ್ತೀಯ?"

ಗುರುವಾರ ವಿಚಾರಣೆಯ ಕೋಣೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಬಾಗಿಲು ತಟ್ಟಿ ಒಳಗೆ ಹೋದೆ. ವರ್ಕ್ಸ್ ಮ್ಯಾನೇಜರು, ಆಫೀಸಿನ ಇಬ್ಬರು, ಕೃಷ್ಣಮೂರ್ತಿಯವರು, ನಿಂತಿದ್ದ ಮುನಿವೆಂಕಟಪ್ಪ. ಅವರ ಕೈ ಷರಟಿನ ಗುಂಡಿಯ ಮೇಲಿತ್ತು. ಆ ಪ್ರಿಂಟನ್ನು ಇನ್ನೂ ತೆಗೆದಿರಲಿಲ್ಲ.

"ಸಾರ್, ಆ ಸಾಲು ಮೊದಲು ಇರಲಿಲ್ಲ. ನಾನು ಟ್ರೇಸ್ ಮಾಡುವಾಗ ಬಿಟ್ಟಿದ್ದೆ. ತಪ್ಪು ಗೊತ್ತಾದ ಮೇಲೆ ಸೇರಿಸಿದೆ" ಎಂದೆ.

ಮ್ಯಾನೇಜರು ಮೇಜಿನ ಮೇಲಿದ್ದ ಬಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆ ಸಾಲು ಉಳಿದೆಲ್ಲ ಅಕ್ಷರಗಳಿಗಿಂತ ಕಪ್ಪಾಗಿತ್ತು. ನೋಡಬೇಕೆಂದು ನೋಡಿದರೆ ಮಗುವಿಗೂ ಕಾಣುವಂತಿತ್ತು.

"ನೀವೇ ಸೇರಿಸಿದ್ರಾ? ಯಾರಾದ್ರೂ ಹೇಳಿದ್ರಾ?"

ಕೃಷ್ಣಮೂರ್ತಿಯವರ ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಅಂಕಿ ಬರೆಯಲು ಕೈ ಹಿಡಿದು ಕಲಿಸಿದವರು. ಕೊನೆಗೆ ಅವರೇ, ಕೂತಲ್ಲಿಂದ ಏಳದೆ, ಮೇಜನ್ನು ನೋಡುತ್ತಾ ಹೇಳಿದರು: "ನಾನು ಹೇಳಿದ್ದೆ."

ಮುನಿವೆಂಕಟಪ್ಪನವರನ್ನು ಬಿಟ್ಟರು. ನನಗೆ ಎಚ್ಚರಿಕೆ ಪತ್ರ ಕೊಟ್ಟು ಪ್ರಿಂಟ್ ರೂಮಿಗೆ ಹಾಕಿದರು. ಅಲ್ಲಿ ಅಮೋನಿಯಾ ವಾಸನೆಗೆ ದಿನವಿಡೀ ಕಣ್ಣಲ್ಲಿ ನೀರು. ಒಂದು ವರ್ಷ ಇದ್ದೆ. ಅಳುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಯಾರೂ ಕಾರಣ ಕೇಳುವುದಿಲ್ಲ. ಕೃಷ್ಣಮೂರ್ತಿಯವರಿಗೆ ಸಿಗಬೇಕಿದ್ದ ಮೇಲಿನ ಹುದ್ದೆ ಸಿಗಲಿಲ್ಲ. ಅವರು ನನ್ನ ಜೊತೆ ಮಾತು ಬಿಟ್ಟರು. ಕೆಲಸವಿದ್ದರೆ ಚೀಟಿ ಬರೆದು ಕಳಿಸುತ್ತಿದ್ದರು, ಅದೇ ಸುಂದರವಾದ ಅಕ್ಷರದಲ್ಲಿ.

ಇನ್ನು ಆ ಎಂಬತ್ತು ಪಿಲ್ಲರು. ಎಲ್ಲರೂ ಗುಜರಿಗೇ ಎಂದುಕೊಂಡಿದ್ದರು. ವಿಚಾರಣೆ ಮುಗಿದ ಮಾರನೇ ದಿನ ಮುನಿವೆಂಕಟಪ್ಪ ಪ್ರಿಂಟ್ ರೂಮಿನ ಕಿಟಕಿಯಲ್ಲಿ ಕಾಣಿಸಿಕೊಂಡರು.

"ಮಡಿಕೆ ಇರೋ ಪಟ್ಟಿಯನ್ನ ಮಾತ್ರ ಕತ್ತರಿಸಿ ಆಚೆ ಕಡೆಗೆ ಬೆಸುಗೆ ಹಾಕಿದ್ರೆ ಕೈ ಬದಲಾಗುತ್ತೆ ಅಂತ ಕಾಣುತ್ತೆ. ನನ್ನ ತಲೆಯಲ್ಲಿದೆ. ಕಾಗದದ ಮೇಲೆ ನೀವು ಬರ್ಕೊಡ್ಬೇಕು."

"ನಾನಾ? ಇನ್ನೊಂದ್ಸಲ ನನ್ನ ನಕ್ಷೆ ನಂಬ್ತೀರಾ?"

"ಇನ್ನು ನೀವು ಜನ್ಮದಲ್ಲಿ ಎದುರುಗೈ ಮರೆಯಲ್ಲ. ನನಗೆ ಅಂಥೋರೇ ಬೇಕು."

ಊಟದ ಹೊತ್ತಿನಲ್ಲಿ ಮೂರು ದಿನ ಕೂತು ಬರೆದೆವು. ಅವರು ರಟ್ಟು ಕತ್ತರಿಸಿ ಮಡಿಸಿ ತೋರಿಸುವರು, ನಾನು ಅಳೆದು ಗೆರೆ ಎಳೆಯುವೆ. ನಲವತ್ತನ್ನು ಬದಲಾಯಿಸಬೇಕಿತ್ತು. ಎರಡು ಮಾತ್ರ ಕೆಟ್ಟವು, ಉಳಿದವೆಲ್ಲ ಕೂತವು. ಆ ಹತ್ತು ಬೋಗಿ ತಡವಾಗಿ ಹೋದವು, ಆದರೆ ಹೋದವು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರು ಬಂತು. ಮೂರೇ ಮೂರು. ಅವಕ್ಕೆ ಗಾಜಿನ ಕೋಣೆ, ಎ.ಸಿ., ಹೊರಗೆ ಚಪ್ಪಲಿ ಬಿಡಬೇಕು ಎಂದು ಬೋರ್ಡು. ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ. ಕಲಿಯಲು ಯಾರು ಬರುತ್ತೀರಿ ಎಂದು ಕೇಳಿದಾಗ ಹಳಬರೆಲ್ಲ ಹಿಂದೆ ಸರಿದರು. ಪ್ರಿಂಟ್ ರೂಮಿನಿಂದ ವಾಪಸು ಬಂದಿದ್ದ ನಾನು, ಕಳೆದುಕೊಳ್ಳಲು ಹೆಸರೇನೂ ಉಳಿದಿಲ್ಲ ಎಂದುಕೊಂಡು ಕೈ ಎತ್ತಿದೆ. ಮೊದಲ ವಾರ ಮೌಸು ಹಿಡಿದರೆ ಅದು ಮೇಜಿನ ಅಂಚಿನಿಂದ ಬಿದ್ದುಹೋಗುತ್ತಿತ್ತು. ಒಂದು ದಿನ ಇಡೀ ಬೆಳಿಗ್ಗೆ ಬರೆದ ಸೀಟಿನ ನಕ್ಷೆಯನ್ನು ಉಳಿಸಿಡದೆ ಆಫ್ ಮಾಡಿ, ಮಧ್ಯಾಹ್ನವೆಲ್ಲ ಎಲ್ಲಿ ಹೋಯಿತೆಂದು ಹುಡುಕಿದೆ. ಬಟ್ಟೆಯ ಮೇಲಿನ ಗೆರೆ ಅಳಿಸಬೇಕೆಂದರೂ ಅಷ್ಟು ಸುಲಭಕ್ಕೆ ಅಳಿಯುತ್ತಿರಲಿಲ್ಲ. ಇಲ್ಲಿ ಸುಮ್ಮನಿದ್ದರೇ ಅಳಿದುಹೋಗುತ್ತಿತ್ತು.

ಕೃಷ್ಣಮೂರ್ತಿಯವರ ನಿವೃತ್ತಿಗೆ ಇನ್ನು ಒಂದು ವರ್ಷವಿತ್ತು. ಅವರು ಕಂಪ್ಯೂಟರು ಕಲಿಯಬೇಕಾಗಿಯೇ ಇರಲಿಲ್ಲ. ದಿನಾ ಗಾಜಿನ ಆಚೆ ಒಂದು ನಿಮಿಷ ನಿಂತು ನೋಡಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದಾಗ ಬಾಗಿಲು ತೆರೆದ ಸದ್ದಾಯಿತು. ತಿರುಗಿ ನೋಡಿದರೆ ಬರಿಗಾಲಲ್ಲಿ ನಿಂತಿದ್ದಾರೆ.

"ಶಾರದಾ, ಒಂದು ಗೆರೆ ಎಳೆಯೋದು ತೋರಿಸ್ತೀಯಾ?"

ಆರು ವರ್ಷದ ನಂತರ ಅವರ ಬಾಯಿಂದ ನನ್ನ ಹೆಸರು. ಎದ್ದು ಕುರ್ಚಿ ಕೊಟ್ಟೆ. ಅವರು ಮೌಸನ್ನು ಪೆನ್ನು ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿದರು. ಗೆರೆ ಬಂತು, ಹೋಯಿತು, ಮತ್ತೆ ಬಂತು. ಕಿಟಕಿಯ ಒಂದು ಚೌಕಟ್ಟು ಬರೆದರು. ಅದನ್ನು ಎದುರುಗೈ ಮಾಡುವುದು ಹೇಗೆ ಎಂದು ಕೇಳಿದರು. ತೋರಿಸಿದೆ. ಒಂದು ಆಜ್ಞೆ ಕೊಟ್ಟರೆ ಎಡಗಡೆಯದು ಬಲಗಡೆಗೆ ಕನ್ನಡಿಯಲ್ಲಿ ಕಂಡಂತೆ ಬಂದು ನಿಲ್ಲುತ್ತದೆ. ಅವರು ಆ ಆಜ್ಞೆಯನ್ನು ತಾವೇ ಇನ್ನೊಮ್ಮೆ ಕೊಟ್ಟು ನೋಡಿದರು.

"ಅವತ್ತು ನಿನ್ನ ಕೈಲಿ ಬರೆಸಬಾರದಿತ್ತು" ಎಂದರು. "ನನ್ನ ಕೈಲೇ ಬರೀಬೇಕಿತ್ತು. ಆಗ ಪಾಪ ಪೂರ್ತಿ ನಂದಾಗ್ತಿತ್ತು."

ಬಾಯಿಗೆ ಬಂದದ್ದನ್ನು ಹೇಳಿದೆ. "ನೀವು ಬರೆದಿದ್ರೆ ಎಲ್ರಿಗೂ ತಕ್ಷಣ ಗೊತ್ತಾಗ್ತಿತ್ತು ಸಾರ್. ಅಷ್ಟು ಚೆನ್ನಾಗಿ ಇಲ್ಲಿ ಇನ್ಯಾರು ಬರೀತಾರೆ?"

ಅವರು ನಕ್ಕರು. ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಅಲ್ಲಿಂದ ನಿವೃತ್ತಿಯವರೆಗೆ ದಿನಾ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಬಂದು ಕಲಿತರು. ಯಾವ ಉಪಯೋಗಕ್ಕೆ ಎಂದು ನಾನು ಕೇಳಲಿಲ್ಲ.

ಈ ಪಾಠವನ್ನು ಬೇಕಾದವರು ತೆಗೆದುಕೊಳ್ಳಲಿ. ಸುಳ್ಳು ಹೇಳಿಸುವ ಮೇಲಧಿಕಾರಿ ಯಾವಾಗಲೂ ದುಷ್ಟನೇ ಆಗಿರುವುದಿಲ್ಲ. ನಿಮಗೆ ಎಲ್ಲ ಕಲಿಸಿದವನೂ ಆಗಿರಬಹುದು. ಅದಕ್ಕೇ ಕಷ್ಟ.

ನನ್ನ ಕೊನೆಯ ದೊಡ್ಡ ಕೆಲಸ ಬೋಗಿಯದಲ್ಲ, ಟ್ರಾಮಿನದು. ಎರಡು ಸಾವಿರದ ನಂತರದ ವರ್ಷಗಳು. ಬೆಂಗಳೂರಿನವರು ಟ್ರಾಮು ನೋಡಿದ್ದರೆ ಸಿನಿಮಾದಲ್ಲಿ. ಕಲ್ಕತ್ತೆಗೆ ಕೆಲವು ಟ್ರಾಮುಗಳ ಮೈ ಹೊಸದಾಗಿ ಕಟ್ಟಿಕೊಡುವ ಕೆಲಸ ಮತ್ತೆ ನಮ್ಮ ಕಾರ್ಖಾನೆಗೆ ಬಂತು. ಹಳೆಯ ನಕ್ಷೆಗಳನ್ನು ನೆಲಮಾಳಿಗೆಯಿಂದ ತೆಗೆದು ಅಳತೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದೆ. ಮಾದರಿ ಟ್ರಾಮಿನ ಚೌಕಟ್ಟು ಬಡಗಿ ಶೆಡ್ಡಿನಲ್ಲಿ ಎದ್ದು ನಿಂತಿತು. ನೋಡಲು ಹೋಗಿ ಹತ್ತಲು ಕಾಲೆತ್ತಿದೆ. ಸೀರೆ ಮೊಣಕಾಲಿಗೆ ಸಿಕ್ಕಿಕೊಂಡಿತು. ಕಂಬಿ ಹಿಡಿದು ಎರಡನೇ ಸಲ ಪ್ರಯತ್ನಿಸಿದೆ. ಆಗಲಿಲ್ಲ. ಮೂರನೇ ಸಲ ಸೀರೆ ಎತ್ತಿ ಕಟ್ಟಿಕೊಂಡು ಹತ್ತಿದೆ.

ಆ ಕೆಲಸ ನೋಡಿಕೊಳ್ಳುತ್ತಿದ್ದ ಹೊಸ ಎಂಜಿನಿಯರಿಗೆ ಹೇಳಿದೆ. ಅವರು ಒಳ್ಳೆಯವರು, ಆದರೆ ಪ್ಯಾಂಟು ಹಾಕುವವರು. "ಮೇಡಂ, ಅದು ಹಳೇ ಅಳತೆ. ಇಷ್ಟು ವರ್ಷ ಜನ ಹತ್ತಿದಾರಲ್ಲ" ಎಂದರು.

"ಹತ್ತದೇ ಇದ್ದೋರು ಎಷ್ಟು ಜನ ಅಂತ ಯಾರೂ ಬರೆದಿಟ್ಟಿಲ್ಲ ಸಾರ್" ಎಂದೆ.

ಮುನಿವೆಂಕಟಪ್ಪನವರಿಗೆ ಆಗ ನಿವೃತ್ತಿಗೆ ಕೆಲವೇ ತಿಂಗಳು. ಅವರು ನೇರವಾಗಿ ಕ್ಯಾಂಟೀನಿಗೆ ಹೋಗಿ, ಅಲ್ಲಿ ಪಾತ್ರೆ ತೊಳೆಯುವ ಲಿಂಗಮ್ಮನನ್ನೂ ಅನ್ನ ಬಡಿಸುವ ಇನ್ನಿಬ್ಬರು ಹೆಂಗಸರನ್ನೂ ಕರೆದುಕೊಂಡು ಬಂದರು. ಒಬ್ಬೊಬ್ಬರ ಕೈಗೂ ಒಂದೊಂದು ತುಂಬಿದ ಚೀಲ ಕೊಟ್ಟು ಹತ್ತಿ ಎಂದರು. ಶಾಪಿನವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಲಿಂಗಮ್ಮನಿಗೆ ಐವತ್ತು ದಾಟಿತ್ತು. ಒಂದು ಕಾಲಿಟ್ಟಳು, ಹಿಂದಕ್ಕೆ ಬಂದಳು, ಚೀಲ ಕೆಳಗಿಟ್ಟಳು.

"ಇದೇನಪ್ಪ ಗಾಡಿ ಹತ್ತೋಕಾ, ಇಲ್ಲ ಮರ ಹತ್ತೋಕಾ?"

ಇಡೀ ಶೆಡ್ಡು ನಕ್ಕಿತು. ಎಂಜಿನಿಯರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಮ್ಮ, ಇನ್ನೊಂದ್ಸಲ ಹತ್ತಿ, ನಾನು ನೋಡ್ತೀನಿ" ಎಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿದರು. ಅವತ್ತು ನನಗೆ ಆ ಹುಡುಗನ ಮೇಲೆ ಗೌರವ ಬಂತು. ಮುನಿವೆಂಕಟಪ್ಪ ಪ್ಲೈವುಡ್ಡಿನಲ್ಲಿ ಮೂರು ಥರದ ಮೆಟ್ಟಿಲು ಮಾಡಿ ಒಂದೊಂದಾಗಿ ಇಟ್ಟರು. ಲಿಂಗಮ್ಮ ಎರಡು ದಿನ ಹತ್ತಿ ಇಳಿದಳು. ಮೂರನೆಯದಕ್ಕೆ ಅವಳು ಚೀಲ ಹಿಡಿದೇ, ಪಕ್ಕದವಳ ಜೊತೆ ಮಾತಾಡುತ್ತಲೇ ಹತ್ತಿಬಿಟ್ಟಳು. ಎಂಜಿನಿಯರು ಅದೇ ಇರಲಿ ಎಂದರು. ಮೊದಲ ಮೆಟ್ಟಿಲನ್ನು ಕೆಳಗಿಳಿಸಿ, ನಡುವೆ ಇನ್ನೊಂದನ್ನು ಸೇರಿಸಿ ನಾನು ನಕ್ಷೆ ಬರೆದೆ.

ನಾನು ನಿವೃತ್ತಳಾದ ಸ್ವಲ್ಪ ದಿನಕ್ಕೆ ಕಾರ್ಖಾನೆಯನ್ನೂ ಊರ ಹೊರಗೆ ಸಾಗಿಸಿದರು. ಹಳಿಯ ಪಕ್ಕದ ಆ ಜಾಗದಲ್ಲಿ ಈಗ ಏನಿದೆ ಎಂದು ನಾನು ನೋಡಲು ಹೋಗಿಲ್ಲ.

ನಿವೃತ್ತಿಯಾದ ಮೇಲಿನ ಮೊದಲ ಬೇಸಿಗೆಯಲ್ಲಿ ನಮ್ಮ ಯಜಮಾನರೂ ನಾನೂ ಕಾಶಿಗೆ ಹೋದವರು ಕಲ್ಕತ್ತೆಗೂ ಹೋದೆವು. ಎರಡು ದಿನ ರಸ್ತೆಯಲ್ಲಿ ನಿಂತು ಟ್ರಾಮುಗಳನ್ನು ನೋಡಿದೆ. ಹಳೆಯವೇ ಬರುತ್ತಿದ್ದವು. ಮೂರನೇ ದಿನ ನಮ್ಮದು ಬಂತು. ಕಿಟಕಿಯ ಮೂಲೆಯ ತಿರುವು ನೋಡಿದ ಕೂಡಲೇ ಗುರುತು ಹಿಡಿದೆ. ಓಡಿಹೋಗಿ ಹತ್ತಿ, ಬಾಗಿಲಲ್ಲೇ ಕಂಬಿ ಹಿಡಿದು ನಿಂತೆ. ಮುಂದಿನ ನಿಲ್ದಾಣದಲ್ಲಿ ಒಬ್ಬ ಮುದುಕಿ, ಬಿಳಿ ಸೀರೆ, ಎರಡೂ ಕೈಯಲ್ಲಿ ತರಕಾರಿ ಚೀಲ. ಕೆಳಗೆ ನೋಡಲೂ ಇಲ್ಲ. ಒಂದು, ಎರಡು, ಒಳಗೆ ಬಂದಳು. ಸೀಟು ಹುಡುಕಿ ಕೂತು ಚೀಲದಿಂದ ಏನೋ ತೆಗೆದು ನೋಡತೊಡಗಿದಳು.

"ರೀ, ನೋಡಿದ್ರಾ?" ಎಂದೆ.

"ಏನನ್ನ?" ಎಂದರು ನಮ್ಮ ಯಜಮಾನರು.

ಅಷ್ಟರಲ್ಲಿ ಕಂಡಕ್ಟರು ಬಂದು ಬಂಗಾಳಿಯಲ್ಲಿ ನನ್ನ ಮೇಲೆ ರೇಗಿದ. ಭಾಷೆ ತಿಳಿಯದಿದ್ದರೂ ಅರ್ಥವಾಯಿತು. ಮೆಟ್ಟಿಲಿಗೆ ಅಡ್ಡ ನಿಂತಿದ್ದೇನೆ, ಒಳಗೆ ಹೋಗಬೇಕಂತೆ. ಆ ಮೆಟ್ಟಿಲು ನನ್ನದು ಎಂದು ಅವನಿಗೆ ಯಾವ ಭಾಷೆಯಲ್ಲಿ ಹೇಳಲಿ? ಸರಿ ಎಂದು ತಲೆಯಾಡಿಸಿ ಒಳಗೆ ಸರಿದೆ. ನನ್ನ ಹಿಂದೆ ಇನ್ನೂ ನಾಲ್ಕು ಜನ ಹತ್ತಿದರು.